ನೋಡಲೇಬೇಕಾದ ಒಂಬತ್ತನೆಯ ಜಾಗ

ಗಾಲೆ ಕೋಟೆ
೨೦೧೮ ಮಾರ್ಚ್ ೪, ಭಾನುವಾರ

ಪ್ರೀತಿಯ ಸೋಮಿಗೆ,

ನಿನಗೂ ನಿನ್ನ ಯಜಮಾನರಿಗೂ ಪುಟ್ಟ ದಿಲಿನಿಗೂ ತ್ರಿರತ್ನಗಳ ರಕ್ಷೆ ಇರಲಿ. ನೀನು ನೇಪಲ್ಸ್‌ನಿಂದ ಕಳಿಸಿದ ಪೆಟ್ಟಿಗೆ ಬಂದು ಐದು ವಾರವಾಯಿತು. ತಲುಪಿತು ಎಂದು ಒಂದು ಸಾಲು ಬರೆಯದೆ ಸುಮ್ಮನಿದ್ದೆ, ಕ್ಷಮಿಸು. ಫೋನು ಕೈಯಲ್ಲೇ ಇರುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಾದರೆ ನೀನು ನಡುವೆ ಪ್ರಶ್ನೆ ಹಾಕುತ್ತೀಯ, ನಾನು ಮತ್ತೆ ಸುಳ್ಳು ಹೇಳುತ್ತೇನೆ. ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಕೂತುಕೊಂಡು ಓದು.

ಮೊದಲು ಒಳ್ಳೆಯ ಸುದ್ದಿ. ನಿನ್ನ ಅಮ್ಮನ ದೇಹ ಗಟ್ಟಿಯಾಗಿದೆ. ಅತ್ತೆ ಬೆಳಿಗ್ಗೆ ನನ್ನ ಕೈ ಹಿಡಿದು ಕೋಟೆ ಗೋಡೆಯ ಮೇಲೆ ಒಂದು ಸುತ್ತು ಬರುತ್ತಾರೆ, ಮೀನು ಸಾರಿನಲ್ಲಿ ಹುಳಿ ಕಡಿಮೆಯಾದರೆ ಇವತ್ತಿಗೂ ಬೈಯುತ್ತಾರೆ. ನಮ್ಮ ಬೀದಿಯಲ್ಲಿ ನಮ್ಮ ಮನೆ ಮತ್ತು ಪಕ್ಕದ ರಿಫಾಯಾ ಅಕ್ಕನ ಮನೆ ಬಿಟ್ಟರೆ ಉಳಿದವೆಲ್ಲ ಹೋಟೆಲುಗಳಾದವು. ನೀನು ಕಳಿಸಿದ ಕಂದು ಶಾಲು ಅತ್ತೆಗೆ ತುಂಬ ಹಿಡಿಸಿತು. ಹೊದ್ದುಕೊಂಡು ನನ್ನನ್ನು ಕೇಳಿದರು: "ಯಾರ ಮಗಳು ಕಳಿಸಿದ್ದೋ ಇದು? ಅವಳಮ್ಮ ಪುಣ್ಯ ಮಾಡಿದ್ಲು."

ಸೋಮಿ, ಮೂರು ತಿಂಗಳಿಂದ ನೀನು ಫೋನು ಮಾಡಿದಾಗಲೆಲ್ಲ ಅತ್ತೆ ಮಲಗಿದ್ದಾರೆ, ಪೂಜೆಗೆ ವಿಹಾರಕ್ಕೆ ಹೋಗಿದ್ದಾರೆ ಎಂದೆ. ಎಲ್ಲ ಸುಳ್ಳು. ಅವರು ನನ್ನ ಎದುರಿಗೇ ಕೂತಿರುತ್ತಿದ್ದರು. ಅತ್ತೆಯ ಲೆಕ್ಕದಲ್ಲಿ ನೀನು ಸತ್ತುಹೋಗಿದ್ದೀಯ. ಹಾಗೆ ಮಾಡಿದವನು ನಾನು.

ನನ್ನ ಕೆಲಸ ನಿನಗೆ ಗೊತ್ತು. ಬೆಳಿಗ್ಗೆ ಎಂಟಕ್ಕೆ ಗಡಿಯಾರದ ಗೋಪುರದ ಹತ್ತಿರ ಪ್ರವಾಸಿಗರನ್ನು ಕೂಡಿಸುತ್ತೇನೆ. ಚಂದ್ರ ಕೊತ್ತಳ, ನೆಲದ ತುಂಬ ಸಮಾಧಿ ಕಲ್ಲುಗಳಿರುವ ಡಚ್ಚರ ಚರ್ಚು, ಮಸೀದಿ, ದೀಪಸ್ತಂಭ, ಬಂಡೆಯ ಮೇಲಿಂದ ಸಮುದ್ರಕ್ಕೆ ಹಾರುವ ಗಂಡಸರು. ಹನ್ನೊಂದರ ಹೊತ್ತಿಗೆ ಬಿಸಿಲಿಗೆ ಅವರ ಮುಖ ಬೆಂದಿರುತ್ತದೆ. ಕೊನೆಗೆ ನಮ್ಮ ಜಗಲಿಗೆ ಕರೆತರುತ್ತಿದ್ದೆ. ತಂಪು, ನೀರು, ಅತ್ತೆಯ ಲೇಸು ನೇಯ್ಗೆ. ದಿಂಬಿನ ಮೇಲೆ ನೂಲು ಸುತ್ತಿದ ಮರದ ಕಡ್ಡಿಗಳು ಟಕಟಕ ಎನ್ನುವುದನ್ನು ಎರಡು ನಿಮಿಷ ನೋಡಿ, ಫೋಟೋ ಹೊಡೆದು ಏಳುತ್ತಿದ್ದರು. ಅತ್ತೆ ನೇಯ್ದದ್ದು ಗೂಡಿನಲ್ಲಿ ಹಾಗೇ ಹಳದಿಯಾಗುತ್ತಿತ್ತು. ಅದು ನನಗೆ ಕಷ್ಟವಾಗುತ್ತಿತ್ತು. ಹೀಗೆಂದು ನಾನು ನನಗೇ ಹೇಳಿಕೊಂಡಿದ್ದೇನೆ, ನೀನು ನಂಬಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ಹೆಂಗಸು ಕೇಳಿದಳು, "ಈ ಅಜ್ಜಿಗೆ ಮಕ್ಕಳಿಲ್ಲವಾ?"

"ಒಬ್ಬಳು ಮಗಳಿದ್ದಳು. ಸುನಾಮಿ ಅಲೆ ಬಂದ ವರ್ಷ ಸಮುದ್ರ ತೆಗೆದುಕೊಂಡು ಹೋಯಿತು" ಎಂದೆ.

ಆ ಹೆಂಗಸು ಅತ್ತೆಯ ಕೈ ಹಿಡಿದು ಅತ್ತಳು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲವಲ್ಲ, ಕಕ್ಕಾಬಿಕ್ಕಿಯಾಗಿ ನಕ್ಕರು. ಪ್ರವಾಸಿಗರು ಹೋದ ಮೇಲೆ ಅತ್ತೆ ನನ್ನನ್ನು ಹಿಡಿದುಕೊಂಡರು.

"ಏನೋ ಹೇಳ್ದೆ ಆಕೆಗೆ? ಹೆಣದ ಮುಂದೆ ಕೂತೋರ ಹಾಗೆ ಅತ್ಲು!"

"ನಿನ್ನ ಕೈಕೆಲಸ ನೋಡಿ ಅತ್ತೆ, ಸಂತೋಷಕ್ಕೆ."

"ಸಂತೋಷಕ್ಕೆ ಮೂಗೂ ಸುರಿಯುತ್ತಾ? ನಂಗೆ ಹೇಳ್ಬೇಡ" ಎಂದರು. ಆದರೆ ಅವತ್ತು ಇಡೀ ದಿನ ಅವರ ಮುಖದಲ್ಲಿ ಕಳೆಯಿತ್ತು. ಕೆಲಸ ಮೆಚ್ಚಿ ಅತ್ತವರು ಅವರ ಬದುಕಿನಲ್ಲಿ ಅದೇ ಮೊದಲು.

ಮರುದಿನವೂ ಹೇಳಿದೆ. ಆಮೇಲೆ ಕತೆ ಬೆಳೆಯಿತು. ಅವತ್ತು ನೀನು ತೊಟ್ಟಿದ್ದ ನೀಲಿ ಗೌನು ಬಂತು. ನಿನ್ನ ಮದುವೆ ನಿಶ್ಚಯವಾಗಿತ್ತು ಎಂಬುದು ಬಂತು. ಅತ್ತೆ ನೇಯುತ್ತಿರುವುದು ನಿನ್ನ ಮದುವೆಯ ಮುಸುಕು, ಮುಗಿಸಿದರೆ ನೀನು ಸತ್ತದ್ದನ್ನು ಒಪ್ಪಿಕೊಂಡಂತೆ, ಅದಕ್ಕೇ ಪ್ರತಿದಿನ ಸ್ವಲ್ಪ ಬಿಚ್ಚುತ್ತಾರೆ ಎಂದೆಲ್ಲ ಹೇಳಿದೆ. ಅತ್ತೆ ಬಿಚ್ಚುತ್ತಿದ್ದದ್ದು ಕಣ್ಣು ಮಂಜಾಗಿ ತಪ್ಪು ಹೆಣೆದದ್ದಕ್ಕೆ. ಕಳೆದ ವರ್ಷ ಪತ್ರಿಕೆಗೆ ಬರೆಯುವ ಒಬ್ಬಾಕೆ ಬಂದಿದ್ದಳು. ಊರಿಗೆ ಹೋಗಿ "ಗಾಲೆಯಲ್ಲಿ ನೋಡಲೇಬೇಕಾದ ಹತ್ತು" ಎಂದು ಬರೆದಳು. ಎಂಟನೆಯದು ದೀಪಸ್ತಂಭ. ಒಂಬತ್ತನೆಯದು ನಿನ್ನ ಅಮ್ಮ. ಅಲ್ಲಿಂದ ಮುಂದೆ ನಾನು ಕರೆತರುವುದೇ ಬೇಕಾಗಲಿಲ್ಲ. ಆಟೋದವರು, ಬೇರೆ ಗೈಡುಗಳು, ಎಲ್ಲರೂ ನಮ್ಮ ಜಗಲಿಗೆ ಜನರನ್ನು ತಂದು ಇಳಿಸುತ್ತಿದ್ದರು.

ಈ ನಡುವೆ ಅತ್ತೆಗೆ ಮರೆವು ಶುರುವಾಗಿತ್ತು. ಒಲೆ ಆರಿಸುವುದನ್ನು ಮರೆಯುತ್ತಿದ್ದರು, ದಿಲಿನಿಯ ಹೆಸರು ಹುಡುಕುತ್ತಿದ್ದರು. ವಯಸ್ಸು ಎಂದು ನಿನಗೆ ಹೇಳಿದ್ದೆ. ಹೋದ ಡಿಸೆಂಬರಿನಲ್ಲಿ ಕೊಲಂಬೊದಿಂದ ಒಂದು ಬಸ್ಸು ಟೀಚರಮ್ಮಂದಿರು ಬಂದರು. ಅವರ ಜೊತೆ ಬಂದ ಗೈಡು ಜಗಲಿಯ ಮುಂದೆ ನಿಂತು, ಅತ್ತೆಯ ಕಡೆ ಕೈ ತೋರಿಸಿ, ನನ್ನ ಕತೆಯನ್ನು ಅಚ್ಚ ಸಿಂಹಳದಲ್ಲಿ ಹೇಳಿದ. ನಾನು ಒಳಗೆ ನೀರು ತುಂಬಿಸುತ್ತಿದ್ದೆ. ಓಡಿ ಬರುವ ಹೊತ್ತಿಗೆ ಕಡ್ಡಿಗಳ ಸದ್ದು ನಿಂತಿತ್ತು.

ಜನ ಹೋದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು, "ಅರಿಯಾ, ಸೋಮಿ ಹೋಗ್ಬಿಟ್ಳಾ? ನಂಗ್ಯಾಕೋ ಯಾರೂ ಹೇಳ್ಲಿಲ್ಲ?"

"ಇಲ್ಲ ಅತ್ತೆ! ಇಟಲೀಲಿದಾಳೆ. ಅದು ನಾನು ಕಟ್ಟಿದ ಕತೆ. ಬಾಯಿಗೆ ಬಂದದ್ದು ಹೇಳ್ದೆ, ನನ್ನ ನಾಲಿಗೆ ಸೀಳಿಹೋಗ!"

ಅವರು ನನ್ನ ತಲೆ ಸವರಿದರು. "ನೀನು ಒಳ್ಳೇನು. ನಂಗೆ ನೋವಾಗ್ಬಾರ್ದು ಅಂತ ಸುಳ್ಳು ಹೇಳ್ತೀಯ. ಊರಿಗೆಲ್ಲ ಗೊತ್ತಲ್ಲೋ. ಅಷ್ಟು ದೂರದ ಬಿಳಿಯರಿಗೂ ಗೊತ್ತು. ಅದಕ್ಕೇ ಬಂದು ಬಂದು ನನ್ನ ಕೈ ಹಿಡ್ಕೊಂಡು ಅಳ್ತಿದ್ರು, ನಂಗೇ ತಿಳೀಲಿಲ್ಲ."

ಅವತ್ತೇ ನಿನಗೆ ಫೋನು ಮಾಡಿ ಅವರ ಕಿವಿಗೆ ಇಟ್ಟೆ. ಆಮೇಲೆ ನೀನು ನನ್ನನ್ನು ಕೇಳಿದೆ, "ಅಮ್ಮ ಯಾಕೆ ನನ್ನನ್ನ ನೀವು ತಾವು ಅಂತ ಮಾತಾಡಿಸಿದ್ಲು?" ತಮಾಷೆಗೆ ಎಂದೆ. ಅತ್ತೆ ಫೋನು ನನ್ನ ಕೈಗಿತ್ತು ಹೇಳಿದ್ದು ಇದು: "ಧ್ವನಿ ಥೇಟ್ ಅವಳದೇ. ಯಾರ ಮನೆ ಹುಡುಗೀನೋ ಪಾಪ, ಅವಳ ಕೈಲಿ ಹೀಗೆ ಹೇಳಿಸ್ಬೇಡ." ಮತ್ತೆ ಫೋನು ಮುಟ್ಟಿಲ್ಲ. ರಿಂಗಾದರೆ ಅಡುಗೆಮನೆಗೆ ಎದ್ದು ಹೋಗುತ್ತಾರೆ.

ಜನವರಿ ಕೊನೆಯ ಹುಣ್ಣಿಮೆಗೆ ನಿನ್ನ ಹೆಸರಿನಲ್ಲಿ ಭಿಕ್ಷುಗಳಿಗೆ ದಾನ ಕೊಡಲೇಬೇಕೆಂದು ಹಟ ಹಿಡಿದರು. ಮೂರು ದಿನ ಊಟ ಬಿಟ್ಟರು, ನಾನು ಸೋತೆ. ನಿನಗೆ ಇಷ್ಟವಾದ ಎಳೆ ಹಲಸಿನ ಪಲ್ಯವನ್ನು ಅವರೇ ನಿಂತು ಮಾಡಿದರು. ಅದನ್ನು ಮಾತ್ರ ಮರೆತಿರಲಿಲ್ಲ. ವಿಹಾರಕ್ಕೆ ಬಂದು ಒಂದು ವರ್ಷವೂ ಆಗದ ಹಿರಿಯ ಭಿಕ್ಷುಗಳು ಕೇಳಿದರು, "ಪುಣ್ಯ ಯಾರಿಗೆ ಸೇರಬೇಕು? ಹೆಸರು ಹೇಳಪ್ಪ."

ಅತ್ತೆ ನನ್ನ ಮುಖ ನೋಡಿದರು. ನಾನು ನಿನ್ನ ಹೆಸರು ಹೇಳಿದೆ, ಸೋಮಿ. ಪೂರ್ತಿ ಹೆಸರು ಹೇಳಿದೆ. ಭಿಕ್ಷುಗಳು ಮಂತ್ರ ಹೇಳುತ್ತಿದ್ದಂತೆ ಅತ್ತೆಯೂ ನಾನೂ ಒಂದೇ ಚೊಂಬು ಹಿಡಿದು ಬಟ್ಟಲಿಗೆ ನೀರು ಹೊಯ್ದೆವು. ಅರ್ಧ ನೀರು ಚಾಪೆಯ ಮೇಲೆ ಚೆಲ್ಲಿತು. "ಅಳ್ಬೇಡ ಮಗಾ, ತಡವಾದ್ರೂ ಅವಳಿಗೆ ತಲುಪುತ್ತೆ" ಎಂದು ನನಗೇ ಸಮಾಧಾನ ಹೇಳಿದರು.

ದಾನದ ಊಟದ ಪಾತ್ರೆ ಕೊಡಲು ಹೋದಾಗ ರಿಫಾಯಾ ಅಕ್ಕನಿಗೆ ವಿಷಯ ಗೊತ್ತಾಯಿತು. ಬಾಗಿಲಲ್ಲೇ ನಿಲ್ಲಿಸಿ ಉಗಿದಳು. "ಥೂ ನಿನ್ನ! ತಾಯಿ ಇಲ್ಲದೋನು ಅಂತ ಸಾಕಿದ್ಲಲ್ಲೋ ನಿನ್ನತ್ತೆ ಎಮಲಿನ್ ನೋನಾ. ಬದುಕಿರೋ ಮಗಳನ್ನ ಅವಳ ಜಗಲೀಲೇ ನಿಂತು ದಿನಾ ಕೊಂದ್ಯಲ್ಲ! ಈ ಬೀದೀಲಿ ಇನ್ನೊಂದ್ಸಲ ಬಾಯಿ ಬಿಟ್ರೆ ಕುದಿಯೋ ನೀರು ಎರಚ್ತೀನಿ, ನೋಡ್ತಿರು." ಪಾತ್ರೆಯನ್ನು ಮಾತ್ರ ಒಳಗೆ ತೆಗೆದುಕೊಂಡಳು. ಈಗ ದಿನಾ ಮಧ್ಯಾಹ್ನ ಬಂದು ಅತ್ತೆಯ ಪಕ್ಕ ಕೂತು ನಿನ್ನ ಮಾತೇ ಆಡುತ್ತಾಳೆ, ಬದುಕಿರುವವಳ ಮಾತು ಆಡಿದ ಹಾಗೆ. ಅತ್ತೆ ಹೂಂಗುಟ್ಟುತ್ತಾರೆ, ನಂಬುವುದಿಲ್ಲ.

ನಾನು ಜಗಲಿಗೆ ಯಾರನ್ನೂ ಕರೆತರುತ್ತಿಲ್ಲ. ಆದರೂ ಬರುತ್ತಾರೆ. ಮೊನ್ನೆ ಬಂದ ಗಂಡಹೆಂಡಿರಿಗೆ, "ಮಗಳು ಬದುಕಿದ್ದಾಳೆ, ನೇಪಲ್ಸ್‌ನಲ್ಲಿದ್ದಾಳೆ, ಅವಳಿಗೂ ಮಗಳಿದ್ದಾಳೆ" ಎಂದೆ. ಅವರ ಮುಖ ಸಪ್ಪಗಾಯಿತು. ಫೋನು ತೆಗೆದು ಆ ಹತ್ತರ ಪಟ್ಟಿ ತೋರಿಸಿ, "ಬಹುಶಃ ನಿಮಗೆ ಸರಿಯಾಗಿ ಗೊತ್ತಿಲ್ಲ" ಎಂದು ನನಗೇ ಹೇಳಿದರು. ಬರೆದಾಕೆಗೆ ಎರಡು ಸಲ ಬರೆದೆ. ಉತ್ತರವಿಲ್ಲ.

ನೀನು ಬರಬೇಕು. ಕಡೆಯ ಸಲ ಬಂದು ಆರು ವರ್ಷವಾಯಿತು, ಕಾಗದಪತ್ರದ ತೊಂದರೆ ನನಗೆ ಗೊತ್ತು. ಆದರೂ ಹೇಗಾದರೂ ಬಾ. ಅತ್ತೆ ನಿನ್ನ ಮುಖ ನೋಡಿ, ಮುಟ್ಟಿ ನಂಬಿದರೆ ನಂಬಬೇಕು. ಡಾಕ್ಟರು, "ನಂಬಿದರೂ ಮರುದಿನ ಮರೆಯಬಹುದು" ಎಂದಿದ್ದಾರೆ. ಅದನ್ನೂ ಬಚ್ಚಿಡದೆ ಬರೆದಿದ್ದೇನೆ. ಬಂದ ಮೇಲೆ ನನ್ನ ಕೆನ್ನೆಗೆ ಹೊಡೆ, ಮನೆಯಿಂದ ಆಚೆ ಹಾಕು, ನಾನು ಒಂದು ಮಾತೂ ಆಡುವುದಿಲ್ಲ.

ದಿಲಿನಿ ಚೆನ್ನಾಗಿ ಓದಲಿ. ನಿನ್ನ ಮನೆಗೆ ಯಾವ ಕೇಡೂ ತಟ್ಟದಿರಲಿ. ನೀನು ನೂರು ವರ್ಷ ಬಾಳು. ನನ್ನ ಬಾಯಿಂದ ಬಂದ ಈ ಹಾರೈಕೆಗೆ ಬೆಲೆ ಉಳಿದಿದ್ದರೆ ಅದೆಲ್ಲ ನಿನಗೇ.

ಇಂತಿ,
ಅರಿಯದಾಸ

ಮತ್ತೊಂದು ಮಾತು. ಸಹಿ ಹಾಕಿದ ಮೇಲೆ ಧೈರ್ಯ ಬಂತು. ಸಮುದ್ರ ನಿನ್ನನ್ನು ತೆಗೆದುಕೊಂಡು ಹೋಯಿತು ಎಂದು ನಾನು ಮೊದಲು ಹೇಳಿದ್ದು ಆ ಪ್ರವಾಸಿ ಹೆಂಗಸಿಗಲ್ಲ. ಅಲೆ ಬಂದ ಮರುದಿನ ಗುಡ್ಡದ ಮೇಲಿನ ವಿಹಾರದಲ್ಲಿ ಮನೆ ಕಳೆದುಕೊಂಡವರಿಗೆ ಅನ್ನ ಬಡಿಸಲು ಹೋಗಿದ್ದೆ. ಒಬ್ಬ ಮೇಷ್ಟ್ರು ಕಾಣೆಯಾದವರ ಹೆಸರು ಬರೆದುಕೊಳ್ಳುತ್ತಿದ್ದರು. "ನಿಮ್ಮನೇಲಿ ಯಾರಪ್ಪ?" ಎಂದರು. ಕೋಟೆಯ ಗೋಡೆಯಿಂದ ನಾವೆಲ್ಲ ಉಳಿದಿದ್ದೆವು. ಆದರೂ ನಿನ್ನ ಹೆಸರು ಹೇಳಿದೆ. ಹಿರಿಯರು ನಮ್ಮಿಬ್ಬರ ಮದುವೆ ಮಾತಾಡಿ ಮುಗಿಸಿದ ಮೇಲೆ ನೀನು ನನಗೊಂದು ಮಾತೂ ಹೇಳದೆ ವಿಮಾನ ಹತ್ತಿದ್ದೆ. ಅವಳ್ಯಾಕೆ ಹೋದಳು ಎಂದು ಒಂದೂವರೆ ವರ್ಷ ಊರೆಲ್ಲ ನನ್ನನ್ನು ಕೇಳಿತ್ತು. ನನ್ನನ್ನು ಬಿಟ್ಟುಹೋದಳು ಎನ್ನುವುದಕ್ಕಿಂತ ಸಮುದ್ರ ಒಯ್ದಿತು ಎನ್ನುವುದು ಸುಲಭವಾಗಿತ್ತು. "ನಿಂಗೇನಾಗ್ಬೇಕು?" ಎಂದು ಮೇಷ್ಟ್ರು ಕೇಳಿದರು. "ಹೆಂಡತಿ" ಎಂದೆ. ಅವರು ಬರೆದುಕೊಂಡರು. ನಾಲ್ಕನೆಯ ದಿನ ರಿಫಾಯಾ ಅಕ್ಕನ ಮನೆಯ ಫೋನಿಗೆ ನಿನ್ನ ಕರೆ ಬಂತು. "ಅರಿಯಾ, ನೀನು ಬದುಕಿದೀಯಾ?" ಎಂದು ನೀನು ಮೊದಲು ಕೇಳಿದ್ದು ನನ್ನನ್ನೇ. ನಾನು ಹೂಂ ಎಂದು ಅತ್ತೆಗೆ ಫೋನು ಕೊಟ್ಟೆ. ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕಿಸಲು ಮತ್ತೆ ವಿಹಾರಕ್ಕೆ ಹೋಗಲಿಲ್ಲ.