ಬೂದಿಯಲ್ಲಿ ಊರಿದ ಹೆಜ್ಜೆ

ಗುತ್ತಿಗಾರು, ೧೮-೧೨-೧೯೬೯

ಪ್ರೀತಿಯ ಅಕ್ಕನಿಗೆ,

‘ಹಾಲು ಚೆಲ್ಲಿದ ಅಂಗಳವೇ ಚಂದಿರ’ ಎಂದೋ ಏನೋ ಒಂದು ಸಾಲು ಇತ್ತಲ್ಲ? ಹಾಲೆಲ್ಲಿಂದ ಬಂತು? ಚಂದ್ರನಿಗೆ ಹೋಗಿ ಬಂದವರು ಹೇಳುವಂತೆ ಅಲ್ಲಿರುವುದು ಬರೀ ಬೂದಿಯಂಥ ಧೂಳು. ಗಾಳಿ ಮಳೆ ಇಲ್ಲದ್ದರಿಂದ ಅದರಲ್ಲಿ ಊರಿದ ಹೆಜ್ಜೆ ಲಕ್ಷಗಟ್ಟಲೆ ವರ್ಷ ಅಳಿಯುವುದಿಲ್ಲವಂತೆ. ಪೇಪರಿನಲ್ಲಿ ಓದಿ ನೆರೆಮನೆಯ ಕುಕ್ಕಪ್ಪ ಗೌಡರಿಗೂ ಹೇಳಿದ್ದೆ.

ಇಲ್ಲಿ ಆನೆಯ ಕಾಟ. ಗೌಡರು ದಿನಾ ಸಂಜೆ ಶಾಲೆಯ ದಾರಿಗೆ ಒಲೆಯ ಬೂದಿಯನ್ನು ಜರಡಿ ಹಿಡಿದು ಹರಡುತ್ತಾರೆ. ಬೆಳಿಗ್ಗೆ ಅದರಲ್ಲಿ ಆನೆಯ ಹೆಜ್ಜೆ ಇದೆಯೇ ಎಂದು ನೋಡಿ ‘ಹೋಗಬಹುದು’ ಎಂದರೆ ಮಾತ್ರ ನಾನು ಹೊರಡುವುದು. ನಿನ್ನೆ ಸಂಜೆ ಬೂದಿ ಹರಡಿ ಅವರು ಅತ್ತ ಹೋದದ್ದೇ ತಡ, ಆ ನುಣುಪು ಕಂಡು ಆಸೆಯಾಗಿ ಬರಿಗಾಲನ್ನು ಒತ್ತಿ ಬಂದೆ. ಚಂದ್ರನ ಮೇಲೆ ನಡೆದಷ್ಟೇ ಹೆಮ್ಮೆ!

ಇವತ್ತು ಅರ್ಧವಾರ್ಷಿಕ ಪರೀಕ್ಷೆ. ಪ್ರಶ್ನೆಪತ್ರಿಕೆಗಳೆಲ್ಲ ನನ್ನ ಚೀಲದಲ್ಲಿವೆ, ಹೋಗದಿದ್ದರೆ ಆಗದು. ಮಂಡಿನೋವು ಕಡಿಮೆ, ಎಣ್ಣೆ ಕಳಿಸಬೇಡ. ಗೌಡರು ಬಂದರು.

ನಿನ್ನ ಅಂಬುಜಾ

ಅಂಚಿನಲ್ಲಿ ಇಷ್ಟು ಸೇರಿಸುತ್ತೇನೆ. ಬಾಗಿಲಲ್ಲಿ ನಿಂತು ಗೌಡರು ಹೇಳಿದ್ದು: “ಚಂದ್ರನಲ್ಲಿ ಹೆಜ್ಜೆ ಉಳಿಯುದು ಅಲ್ಲಿ ಆನೆ ಇಲ್ಲದ್ದಕ್ಕೆ ಟೀಚರೇ! ನಿಮ್ಮ ಹೆಜ್ಜೆಯ ಮೇಲೆಯೇ ಅದರ ಕಾಲು ಉಂಟು, ಹೋದದ್ದು ಶಾಲೆ ಕಡೆಗೆ. ಮಕ್ಕಳನ್ನು ಆಗಲೇ ಮನೆಗೆ ಕಳಿಸಿದೆ. ಇವತ್ತಿನ ಪರೀಕ್ಷೆ ಆನೆಯೇ ಬರೆಯಲಿ ಮಾರಾಯ್ರೆ.”