ಎರಡಕ್ಕಿಂತ ಮೊದಲು ಹತ್ತು

ಟಿಳಕವಾಡಿಯ ಮಹಡಿ ಆಫೀಸಿನಲ್ಲಿ ಸದಾ ಸಮಚಿತ್ತದಿಂದ ವಿರಾಜಮಾನರಾದ ಪೂನಮ್ ಅಕ್ಕನವರಿಗೆ,

ಖಾನಾಪುರ ತಾಲೂಕಿನ ಬೀಡಿ ಗ್ರಾಮದಿಂದ, ಚಂದ್ರವ್ವನ ಗದ್ದೆಯ ಬದುವಿನ ಮೇಲೆ ಕೂತು, ಅನಿಕೇತ ಮಾಡುವ ಸಾಷ್ಟಾಂಗ ನಮಸ್ಕಾರ. ಈ ಸಲ ಖರೇ ನಮಸ್ಕಾರ. ಎದುರಿಗೆ ಹೇಳಿದರೆ ನಂಬುವುದಿಲ್ಲ ಎಂದೇ ಬರೆಯುತ್ತಿದ್ದೇನೆ.

ನಂಬದಿರುವುದಕ್ಕೆ ಕಾರಣವೂ ಇದೆ. ಇಲ್ಲಿಯ ರೈತ ಸಂಘಕ್ಕೆ ಭತ್ತ ಕೊಯ್ಯುವ ಯಂತ್ರ ಒಂದೇ. ಅದರ ಸರದಿ ತೋರಿಸುವ ನಮ್ಮ ಹಳೇ ವೆಬ್‌ಸೈಟನ್ನು ನೀವು ಜಾವಾಸ್ಕ್ರಿಪ್ಟ್ ಭಾಷೆಯಿಂದ ಟೈಪ್‌ಸ್ಕ್ರಿಪ್ಟ್ ಭಾಷೆಗೆ ಒಂದೊಂದೇ ಫೈಲಾಗಿ ದಾಟಿಸುತ್ತಿದ್ದಿರಿ. ಪ್ರತಿ ಫೈಲು ದಾಟಿದಾಗಲೂ ನಾನು ನಿಮ್ಮ ಹಿಂದಿನ ಗೋಡೆಗೆ, ತೀರಿಹೋದ ಹಳೇ ಫೈಲಿನ ಹೆಸರಿನಲ್ಲಿ, 'ಭಾವಪೂರ್ಣ ಶ್ರದ್ಧಾಂಜಲಿ' ಫಲಕ ಅಂಟಿಸಿ, ಊದಿನಕಡ್ಡಿ ಹಚ್ಚಿ, ಎಲ್ಲರನ್ನೂ ಎದ್ದು ನಿಲ್ಲಿಸುತ್ತಿದ್ದೆ. ನೀವು ತಿರುಗಿಯೂ ನೋಡದೆ, "ಹೊಗಿ ಆ ಕಡೆ ಬಿಡೋ, ಕಣ್ಣ ಉರಿತಾವ" ಅನ್ನುತ್ತಿದ್ದಿರಿ. ಎಲ್ಲಾ ಒಮ್ಮೆಲೇ ಕೆಡವಿ ಕಟ್ಟೂಣು ಎಂದು ನಾನು ಅಂದರೆ ನಿಮ್ಮ ಉತ್ತರ, "ಸುಗ್ಗಿ ನಡದದ. ಸೈಟ್ ಬಿದ್ರ ಯಂತ್ರ ಎಲ್ಲಿಗೆ ಹೋಗಬೇಕು, ನಿಮ್ಮ ಮನಿಗೇನು?"

ಕಡೆಗೆ ಸರದಿ ಜೋಡಿಸುವ ಫೈಲೇ ಬಂತು. ಅದರಲ್ಲಿ ರೈತರು ತೆಗೆದುಕೊಳ್ಳುವ ಸರದಿ ಚೀಟಿಯ ನಂಬರನ್ನು ಅಂಕಿ ಎಂದಲ್ಲ, ಬರೀ ಅಕ್ಷರ ಎಂದು ಹಿಂದಿನವರು ಬರೆದಿಟ್ಟಿದ್ದರು. ಹಾಗಾಗಿ ನಿಘಂಟಿನ ಹಾಗೆ, 1 ಎಂದು ಶುರುವಾಗುವುದೆಲ್ಲ ಮೊದಲು: ಒಂದು, ಆಮೇಲೆ ಹತ್ತು, ಹನ್ನೊಂದು, ಹೀಗೆ ಹತ್ತೊಂಬತ್ತು ಮುಗಿದ ಮೇಲೆ ಎರಡು. ನಾನು ಕುಣಿದಾಡಿದೆ. ಇಷ್ಟು ವರ್ಷದ ಅನ್ಯಾಯವನ್ನು ಇವತ್ತೇ ತಿದ್ದಿ ಧರ್ಮ ಸ್ಥಾಪಿಸೋಣ ಅಂದೆ. ನೀವು ಕೀಲಿಮಣೆಯಿಂದ ಕೈ ತೆಗೆದಿರಿ. "ಇಷ್ಟ ವರ್ಷ ಒಬ್ಬರೂ ಜಗಳಕ್ಕ ಬಂದಿಲ್ಲಲ್ಲ, ಯಾಕ?" ಎಂದು ಎರಡನೇ ಚೀಟಿಯ ಚಂದ್ರವ್ವನಿಗೆ ಫೋನ್ ಹಚ್ಚಿದಿರಿ.

"ಎರಡು ತಡಾ ಬರತೈತಿ ಅಂತ ಗೊತ್ತಿದ್ದ ತೊಗೊಂಡೀನ್ರೀ ಬಾಯಾರ. ನನ್ನ ಭತ್ತದ ಕಾಳಾಗ ಇನ್ನೂ ಹಾಲೈತಿ. ಲಗೂ ಬಲಿತಾವರು ಹತ್ತು, ಹನ್ನೊಂದು ತೊಗೋತಾರ. ಯಂತ್ರ ಈಗ ಬಂದ್ರ ನನಗ ಬರೀ ಜೊಳ್ಳ."

ತಪ್ಪನ್ನು ಇಡೀ ಊರು ಪದ್ಧತಿ ಮಾಡಿಕೊಂಡಿತ್ತು. ಧರ್ಮ ಸ್ಥಾಪನೆಯನ್ನು ನಾನು ಅಲ್ಲಿಗೇ ಕೈಬಿಟ್ಟೆ. ಅಪರೂಪದ ಆ ಘಟನೆಗೆ ನೀವೇ ಸಾಕ್ಷಿ. ನೀವು ನಂಬರನ್ನು ಅಕ್ಷರವಾಗಿಯೇ ಉಳಿಸಿ, ಮೇಲೊಂದು ಟಿಪ್ಪಣಿ ಬರೆದಿರಿ: 'ಇದು ಊರಿನ ಕ್ರಮ. ಅವರನ್ನು ಕೇಳದೆ ಮುಟ್ಟಬೇಡಿ.' ಹಳೇ ಸರದಿ, ಹೊಸ ಸರದಿ ಅಕ್ಕಪಕ್ಕ ಇಟ್ಟು ತಾಳೆ ನೋಡಿದಿರಿ, ಆಮೇಲೆಯೇ ಹಳೇದನ್ನು ತೆಗೆದಿರಿ. ನಿದ್ದೆ ಹೋದ ಕೂಸು ಮಿಸುಕದ ಹಾಗೆ ಕೆಳಗಿನ ಕೌದಿಯನ್ನು ನಮ್ಮಜ್ಜಿ ಬದಲಿಸುವುದು ನೋಡಿದ್ದೆ; ಕಂಪ್ಯೂಟರಿನಲ್ಲಿ ಅವತ್ತೇ ನೋಡಿದ್ದು. ಆ ಫೈಲಿಗೆ ಫಲಕ ಅಂಟಿಸಲು ನನಗೆ ಕೈ ಬರಲಿಲ್ಲ.

ಸರದಿ ಸರಿಯಾಗಿ ನಡೆದಿದೆಯೇ ನೋಡಿ ಬಾ ಎಂದು ಕಳಿಸಿದ್ದಿರಲ್ಲ, ನೋಡಿದೆ. ರಾಮಲಿಂಗನ ಹತ್ತೊಂಬತ್ತನೇ ಚೀಟಿ ಮುಗಿಸಿ ಯಂತ್ರ ಈಗ ಚಂದ್ರವ್ವನ ಗದ್ದೆಗೆ ಇಳಿದಿದೆ. ಕಾಳು ಹಲ್ಲಿಗೆ ಹಚ್ಚಿದರೆ ಕಟಕ್ ಅನ್ನುತ್ತಿದೆ. ಆಕೆ ಫೋನು ನೋಡಿ, ಯಂತ್ರ ನೋಡಿ, ನನ್ನನ್ನೂ ನೋಡಿ ಕೇಳಿದಳು: "ಬಾಯಾರು ಏನೋ ಬದಲ ಮಾಡಾಕತ್ತಾರ ಅಂದಿ. ಎಲ್ಲಾ ಹಿಂದಿನಂಗ ಐತೆಲ್ಲೋ ತಮ್ಮಾ. ಇಷ್ಟ ದಿನ ಇಬ್ಬರೂ ಏನ್ ಮಾಡಿದ್ರಿ?"

ಅಕ್ಕಾ, ಆ ಪ್ರಶ್ನೆಯನ್ನು ಹಾಗೇ, ಏನೂ ಕದಲಿಸದೆ, ನಿಮಗೆ ಒಪ್ಪಿಸುತ್ತಿದ್ದೇನೆ.

ಉಳಿದ ಫೈಲುಗಳೂ ಸುಖವಾಗಿ ದಾಟಲಿ, ನಿಮ್ಮ ಬೆನ್ನುನೋವು ಇಳಿಯಲಿ ಎಂದು ಹಾರೈಸುವ,
ನಿಮ್ಮ ಬಾಜು ಕುರ್ಚಿಯ ಕಿಡಿಗೇಡಿ,
ಅನಿಕೇತ