ಸೋಲಾರ್ ಪ್ಯಾನಲ್ ಮೇಲಿನ ಸಂಡಿಗೆ

ಕುಷಾಯಿಗೂಡ, ಹೈದರಾಬಾದ್
೧೪ ಏಪ್ರಿಲ್ ೨೦೦೨

ಪ್ರೀತಿಯ ಮಗಳೇ ಚಿತ್ರಾ,

ಹೇಗಿದ್ದೀಯವ್ವಾ? ಆದಿಲಾಬಾದಿನ ಆ ಕಾಡಿನ ಶಾಲೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಪಾಠ ಹೇಳುತ್ತಾ ಮರೆಯುತ್ತೀಯೋ? ಮಂಡಿನೋವೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ.

ನಿಮ್ಮಪ್ಪನ ಸುದ್ದಿ ಕೇಳು. ಶಾಲೆಗೆ ಕರೆಂಟಿಲ್ಲ ಎಂದು ನೀನು ಬರೆದದ್ದೇ ತಡ, ಅಟ್ಟದ ಮೇಲಿನ ಹಳೇ ಕಂಪ್ಯೂಟರನ್ನು ಕೆಳಗಿಳಿಸಿದರು. ನೀನು ಐದನೇ ಕ್ಲಾಸಿನಲ್ಲಿದ್ದಾಗ ಅವರೇ ಕೂಡಿಸಿ ನಮ್ಮ ಕಪ್ಪು-ಬಿಳುಪು ಟಿವಿಗೆ ಹಚ್ಚಿದ್ದರಲ್ಲ, ಅದೇ. ಸಂಜೆಯೆಲ್ಲಾ ಕೂತು ನೀನು ಅದರಲ್ಲಿ ರಂಗೋಲಿ ಮೂಡಿಸುತ್ತಿದ್ದೆ. ಕರೆಂಟ್ ಹೋದರೆ ಎಲ್ಲಾ ಅಳಿಸಿಹೋಗಿ, ನಿನ್ನ ಅಳು ಓಣಿಗೆಲ್ಲಾ ಕೇಳುತ್ತಿತ್ತು. "ಅಳಬ್ಯಾಡ ನಮ್ಮವ್ವಾ, ಕರೆಂಟ್ ಹೋದ್ರೂ ಆರಲಾರದಂಥಾದ್ದೊಂದು ಮಾಡಿಕೊಡ್ತೀನಿ" ಎನ್ನುತ್ತಿದ್ದರು. ಎಷ್ಟು ಚೆಂದದ ದಿನಗಳವು!

ಈಗ ಅದರೊಳಗಿನ ಚಿಪ್ ಅನ್ನೇ ಹಳೇ ಸೂಟ್‌ಕೇಸಿನಲ್ಲಿ ಕೂರಿಸಿ, ಅಂಗೈಯಗಲದ ಪರದೆ, ಬ್ಯಾಟರಿ, ಮಾಳಿಗೆಯ ಮೇಲೊಂದು ಸೋಲಾರ್ ಪ್ಯಾನಲ್ ಹಚ್ಚಿದ್ದಾರೆ. ಟಾರ್ಚಿಗೆ ಬೇಕಾದಷ್ಟು ಕರೆಂಟೇ ಅದಕ್ಕೆ ಸಾಕಂತೆ. ಓಣಿಯವರೆಲ್ಲಾ ಹೊಸ ಕಂಪ್ಯೂಟರ್ ಕಲಿಯಲು ಅಮೀರ್‌ಪೇಟೆಗೆ ಓಡುತ್ತಿದ್ದರೆ ಈ ಮಹಾರಾಯರು ಹಿಂದಕ್ಕೆ ನಡೆದಿದ್ದಾರೆ! ಹೋಗಲಿ, ನಾನು ಸಂಡಿಗೆ ಒಣಗಿಸುವ ಜಾಗವೇ ಬೇಕಿತ್ತೇ ಆ ಪ್ಯಾನಲ್ಲಿಗೆ? ಸಿಟ್ಟು ಬಂದು, ಮೊನ್ನೆ ಅದರ ಮೇಲೇ ಬಿಳಿ ಧೋತರ ಹಾಸಿ ಸಂಡಿಗೆ ಇಟ್ಟೆ. ಕಂಡು ಕೂಗಾಡಲಿ ಎಂದೇ ಹಾಗೆ ಮಾಡಿದ್ದು. ಕೂಗಾಡಲಿಲ್ಲ. ಬ್ಯಾಟರಿ ಚಾರ್ಜ್ ಆಗದೆ, ಪಾಪ, ಸೂಟ್‌ಕೇಸ್ ಬಿಚ್ಚಿಕೊಂಡು ದಿನವಿಡೀ ವೈರು ತಡವುತ್ತಾ ಕೂತರು. ಸಂಜೆ ನಾನೇ ಸದ್ದಿಲ್ಲದೆ ತೆಗೆದೆ.

ಮರುದಿನ ಅದರ ಪರದೆ ಬೆಳಗಿತು ನೋಡು! ನೆನಪಿನಿಂದಲೇ ಕೀ ಒತ್ತಿ ನಿನ್ನ ರಂಗೋಲಿ ಬರಿಸಿದರು. ಪರದೆಗೆ ಮೂಗು ತಾಗಿಸಿಕೊಂಡು ಮಕ್ಕಳ ಹಾಗೆ ನಕ್ಕರು. ನನಗೆ ಕಣ್ಣು ತುಂಬಿ ಬಂತು.

ಸಂಡಿಗೆ ಒಂದು ಡಬ್ಬಿ ತೆಗೆದಿಟ್ಟಿದ್ದೇನೆ. ಶರಣಬಸವಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಗುರುಬಾಯಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಹೇಳಲೇಬೇಕು. ಅಂದು ನಿಮ್ಮಪ್ಪ ಮಾಳಿಗೆಗೂ ಬಂದಿದ್ದರು. ಸಂಡಿಗೆ ಹಾಸಿದ ಪ್ಯಾನಲ್ ಪಕ್ಕದಲ್ಲೇ ನಿಂತು, "ಬಿಸಲು ಭಾಳ ಛಲೋ ಐತಿ, ಮತ್ಯಾಕ ಚಾರ್ಜ್ ಆಗವಲ್ದು?" ಎಂದರು. ಅಷ್ಟಗಲದ ಬಿಳಿ ಧೋತರ ಅವರಿಗೆ ಕಾಣಲೇ ಇಲ್ಲ, ಚಿತ್ರಾ. ನನ್ನ ಜೀವ ಹಾರಿಹೋಯಿತು. ಡಾಕ್ಟರಿಗೆ ತೋರಿಸಿದರೆ, ಎರಡೂ ಕಣ್ಣಿಗೆ ಪೊರೆಯಂತೆ. ಆಪರೇಷನ್ ಎಂದರೆ, "ಮೊದ್ಲ ಇದನ್ನ ಚಿತ್ರಾನ ಕೈಯಾಗ ಇಡ್ತೀನಿ, ಆಮ್ಯಾಲ ನೋಡೂಣು" ಎನ್ನುತ್ತಾರೆ. ಪಾರ್ಸಲ್ ಮಾಡಲೂ ಒಲ್ಲರು. ನೀನೇ ಬಂದು ಒಯ್ಯವ್ವಾ. ಅವರಿಗೆ ನಿನ್ನ ಮುಖ ಕಾಣುತ್ತಿರುವಾಗಲೇ ಬಾ.